ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ

ಮಾವನ ಕ್ಷೌರದಂಗಡಿಯಲ್ಲಿ ಇದ್ದದ್ದು ಎರಡು ಕುರ್ಚಿ, ಒಂದು ಬೆಂಚು, ಮತ್ತೆ ಗೋಡೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಮೈಚಾಚಿಕೊಂಡ ಒಂದು ಹಳೇ ಕನ್ನಡಿ. ಅಂಚಿನಲ್ಲಿ ಪಾದರಸ ಕಿತ್ತು ಅಲ್ಲಲ್ಲಿ ಕಪ್ಪು ಮಚ್ಚೆ ಬಿದ್ದಿದ್ದವು. ನಡುವೆ ಮಾತ್ರ ತಿಳಿನೀರು. ಬಾಗಿಲಿಂದ ಬರುವ ಬೆಳಕು ನೇರ ಹೋಗಿ ಅದಕ್ಕೆ ಬಡಿದು, ಕುರ್ಚಿಯಲ್ಲಿ ಕೂತವನ ಮುಖದ ಮೇಲೆ ಬೀಳುತ್ತಿತ್ತು.

ಆ ಕನ್ನಡಿಯ ಮುಂದೆ ಕತ್ತರಿ ಹಿಡಿದು ನಿಂತವನಿಗೆ ಊರೆಲ್ಲ ಇಟ್ಟ ಹೆಸರು ಕನ್ನಡಿರಾಯ. ಮನೆಯವರಿಗೆ ಬರೀ ರಾಯ. ಮಾವನ ಅಕ್ಕನ ಮಗ. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಬಂದ ಒಂದು ಜ್ವರ, ಹೋಗುವಾಗ ಅವನ ಎರಡು ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮಾತು ಉಳಿಯಿತು. ಸ್ವಲ್ಪ ಜೋರು, ಸ್ವಲ್ಪ ಚಪ್ಪಟೆ, ಆದರೂ ತಿಳಿಯುವ ಮಾತೇ. ಸದಾ ಕನ್ನಡಿಯಲ್ಲೇ ಕಣ್ಣಿಟ್ಟಿರುತ್ತಾನೆ, ಏನು ಸೊಗಸುಗಾರನಪ್ಪ ಇವನು ಅಂತ ಬೆಂಚಿನವರು ಆಡಿಕೊಂಡರು. ಹೆಸರು ಹಾಗೆ ಅಂಟಿಕೊಂಡಿತು.

ಸೊಗಸು ಎಲ್ಲಿ ಬಂತು? ರಾಯ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡದ್ದೇ ಕಡಿಮೆ. ಅವನು ನೋಡುತ್ತಿದ್ದದ್ದು ತುಟಿಗಳನ್ನು. ಎಡಗೈ ಗಿರಾಕಿಯ ನೆತ್ತಿಯ ಮೇಲಿರುತ್ತಿತ್ತು. ಗಿರಾಕಿ ಮಾತು ತೆಗೆದರೆ ಬುರುಡೆಯೊಳಗೆ ದುಂಬಿ ಗುಂಯ್‌ಗುಟ್ಟಿದಂತೆ ಅಂಗೈಗೆ ತಿಳಿಯುತ್ತಿತ್ತು. ತಕ್ಷಣ ಕಣ್ಣೆತ್ತಿದರೆ ಎದುರಿಗೇ ಬೆಳಕು ಬಿದ್ದ ಮುಖ, ಅಲುಗಾಡದ ತಲೆ. ಅರ್ಧ ಕಣ್ಣಿಗೆ ಸಿಗುತ್ತಿತ್ತು, ಇನ್ನರ್ಧ ಊಹೆಗೆ. ಕ್ಷೌರದಂಗಡಿಯಲ್ಲಿ ಯಾರು ತಾನೇ ವೇದಾಂತ ಕೇಳುತ್ತಾರೆ? ಕಿವಿ ಪಕ್ಕದ ಕೃತಾವು ಇಷ್ಟಿರಲಿ, ಹಿಂದೆ ಸಣ್ಣಗೆ ಮಾಡು, ನಿನ್ನೆ ನಿದ್ದೆಯೇ ಬರಲಿಲ್ಲ, ಇಷ್ಟೇ. ಹಿಂದಿನ ಬೆಂಚಿನವರ ಬಾಯಿಯೂ ಅದೇ ಕನ್ನಡಿಯಲ್ಲಿ ಸಾಲಾಗಿ ಕಾಣುತ್ತಿತ್ತು. ಅದನ್ನು ಮಾತ್ರ ರಾಯ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಬೆಂಚು ಅವತ್ತೇ ಖಾಲಿಯಾಗುತ್ತಿತ್ತು.

ಮನೆಯಲ್ಲಿ ಇದು ನಡೆಯುತ್ತಿರಲಿಲ್ಲ. ಊಟಕ್ಕೆ ಕೂತರೆ ಒಬ್ಬರು ತಟ್ಟೆ ನೋಡಿಕೊಂಡು ಮಾತಾಡುವರು, ಇನ್ನೊಬ್ಬರು ಬಾಯಿ ತುಂಬ ಅನ್ನ ಇಟ್ಟುಕೊಂಡು. ಎಲ್ಲರೂ ಹೊಟ್ಟೆ ಹಿಡಿದು ನಗುವಾಗ ರಾಯ ಪಕ್ಕದವರ ಮೊಣಕೈ ಮುಟ್ಟಿ "ಏನು? ಏನಂದ್ರು?" ಅನ್ನುವನು. "ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ" ಅನ್ನುವರು. ಆ ಆಮೇಲೆ ಇವತ್ತಿನವರೆಗೂ ಬಂದಿಲ್ಲ. ಪ್ರಪಂಚದ ಯಾವ ಮಾತು ತಪ್ಪಿದರೂ ಈ ಮಾತನ್ನು ಮಾತ್ರ ರಾಯ ಬೀದಿಯ ಆ ತುದಿಯಿಂದಲೂ ಗುರುತು ಹಿಡಿಯಬಲ್ಲ.

ಮನೆಯಲ್ಲಿ ಗುಟ್ಟು ಹಿಡಿದವಳು ಅತ್ತೆ ಒಬ್ಬಳೇ. ರಾಯನನ್ನು ಬೈಯಬೇಕಾದರೆ ತೋಳು ಹಿಡಿದು ಎಳೆದುಕೊಂಡು ಹೋಗಿ ಬೀರುವಿನ ಕನ್ನಡಿ ಎದುರು ನಿಲ್ಲಿಸುವಳು. ಹಿಂದೆ ತಾನು ಸೊಂಟದ ಮೇಲೆ ಕೈಯಿಟ್ಟು ನಿಂತು, "ಈಗ ಬೈತೀನಿ, ನೋಡ್ಕೊ" ಅಂತ ಶುರುಮಾಡಿದರೆ ಒಂದು ಬೈಗುಳವೂ ನೆಲಕ್ಕೆ ಬೀಳುತ್ತಿರಲಿಲ್ಲ. ಮಾವ ಅದನ್ನು ಅವಳ ತಮಾಷೆ ಅಂದುಕೊಂಡಿದ್ದ. "ಇವನಿಗೆ ಅಂಗಡಿಗೆ ಬಂದ್ರೆ ಕಿವಿ ಬರತ್ತೆ ಕಣ್ರೋ, ಸೋಪಿನ ವಾಸನೆಗೋ ಏನೋ" ಅಂತ ಬೆಂಚಿನವರಿಗೆ ಹೇಳಿ ನಗುತ್ತಿದ್ದ.

ಮಾವನ ಮೊಣಕಾಲು ಸೋತವು. ನಿಂತು ಮಾಡುವ ಕೆಲಸ ಇದು, ಕೂತು ಮಾಡಲು ಬರುವುದಿಲ್ಲ. "ಬೀಗದ ಕೈ ಅಳಿಯನಿಗೆ ಕೊಟ್ಟು ನಾನು ಬೆಂಚಿಗೆ ಹೋಗ್ತೀನಿ" ಅಂತ ಒಂದು ದಿನ ಘೋಷಿಸಿದ. ಯಾವ ಅಳಿಯ? ಅವನಿಗೆ ಇಬ್ಬರು. ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಕೇಳಿದರೆ ಮಾವ ಹಲ್ಲು ಕಿರಿಯುತ್ತಿದ್ದ. ಅವನಿಗೇ ಇನ್ನೂ ತೀರ್ಮಾನವಾಗಿರಲಿಲ್ಲ.

ಮಗಳ ಗಂಡನನ್ನು ಜನ ರೇಡಿಯೋ ಅನ್ನುತ್ತಿದ್ದರು. ಬೆಳಗ್ಗೆ ಕಣ್ಣು ಬಿಟ್ಟಾಗ ಶುರುವಾದ ಬಾಯಿ ರಾತ್ರಿ ದಿಂಬಿಗೆ ತಾಗುವವರೆಗೆ ಮುಚ್ಚದು. ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡಿ, ಅದು ಮುಚ್ಚಿದ ಮೇಲೆ ಮಾವನ ಎರಡನೇ ಕುರ್ಚಿಗೆ ಬಂದು ಸೇರಿದ್ದ. ಕೆಟ್ಟವನಲ್ಲ. ಕೈ ಇನ್ನೂ ಕೂತಿರಲಿಲ್ಲ, ಆದರೆ ಗಿರಾಕಿಗಳನ್ನು ಬಾಗಿಲಲ್ಲೇ ಹೆಸರು ಹಿಡಿದು ಕೂಗಿ ಒಳಗೆ ಕರೆಯುವ ಕಲೆ ಇತ್ತು. "ಅಂಗಡಿ ಅಂದ್ರೆ ಮಾತು ಮಾವ. ಫೋನ್ ಬಂದ್ರೆ ಯಾರು ತೆಗೀತಾರೆ? ಬೆನ್ನ ಹಿಂದೆ ಯಾರಾದ್ರೂ ಕರೆದ್ರೆ?" ಅಂತ ಮಾವನ ಕಿವಿಯಲ್ಲಿ ಊದುತ್ತಲೇ ಇದ್ದ. ಕನ್ನಡಿಯಲ್ಲಿ ಅದೂ ರಾಯನಿಗೆ ಕಂಡಿತ್ತು.

ಒಂದು ರಾತ್ರಿ ಊಟದ ಹೊತ್ತಿನಲ್ಲಿ ರೇಡಿಯೋ ಗಾಳಿಯಲ್ಲಿ ಕೈಯಾಡಿಸಿ ಗೋಡೆ, ಚೌಕ, ದುಂಡು ಏನೇನೋ ಬರೆದು ತೋರಿಸಿದ. ಮಾವ ತಲೆದೂಗಿದ. ರಾಯ ಕೇಳಿದ, "ಏನು?" ಮಾವ ಬೆರಳು ಚೀಪುತ್ತ, "ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ. ಅಂಗಡಿಗೆ ಬಣ್ಣ ಹೊಡೆಸ್ತೀವಿ, ನೀನು ಅತ್ತೆ ಜೊತೆ ಅವಳ ತಂಗಿ ಮನೆಗೆ ಹೋಗಿ ಬಾ" ಅಂದ.

ರಾಯ ಹೋಗಿ ಬಂದ. ಬಂದು ಅಂಗಡಿಯ ಬಾಗಿಲಲ್ಲಿ ಕಾಲಿಟ್ಟವನು ಹಾಗೇ ನಿಂತ.

ಕನ್ನಡಿ ಇಲ್ಲ. ಅದಿದ್ದ ಜಾಗದಲ್ಲಿ ಕಡುನೀಲಿ ಬಣ್ಣ, ಮೇಲೆ ಒಂದು ದೊಡ್ಡ ಟೀವಿ. ಕೆಳಗೆ ಕುರ್ಚಿಗೊಂದರಂತೆ ಊಟದ ತಟ್ಟೆಯಷ್ಟು ಅಗಲದ ದುಂಡು ಕನ್ನಡಿ, ಸುತ್ತ ಕಣ್ಣು ಕುಕ್ಕುವ ದೀಪ. ಕುರ್ಚಿಯ ಹಿಂದೆ ನಿಂತು ನೋಡಿದರೆ ಆ ತಟ್ಟೆಯಲ್ಲಿ ಕಾಣುವುದು ಗಿರಾಕಿಯ ಎದೆಯ ಮೇಲಿನ ಬಿಳಿ ಬಟ್ಟೆ, ಮಿಕ್ಕಿದ್ದೆಲ್ಲ ಬರೀ ಪ್ರಭೆ. ರೇಡಿಯೋ ಎರಡೂ ಕೈ ಅಗಲಿಸಿ "ಹೇಗಿದೆ?" ಅಂದ. ಅದು ಮಾತ್ರ ಸರಿಯಾಗಿ ಕಂಡಿತು. ರಾಯನಿಗೆ ಯಾರೋ ತಲೆಗೆ ಹೊದಿಕೆ ಮುಚ್ಚಿದಂತಾಯಿತು. ಅದನ್ನು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬ್ಯಾಂಡಿನ ಮೇಷ್ಟ್ರು ಬಂದರು.

ಬ್ಯಾಂಡಿನ ಮೇಷ್ಟ್ರ ಮೀಸೆ ಅಂದರೆ ಸಾಮಾನ್ಯದ್ದಲ್ಲ. ಅವರು ತುತ್ತೂರಿ ಊದುತ್ತ ಬೀದಿಯಲ್ಲಿ ಬಂದರೆ ಮೊದಲು ಮೀಸೆ ಬರುತ್ತಿತ್ತು, ಆಮೇಲೆ ತುತ್ತೂರಿ, ಕೊನೆಗೆ ಮೇಷ್ಟ್ರು. ಮೇಲ್ತುಟಿ ಯಾವತ್ತೂ ಕಂಡವರಿಲ್ಲ. ಅಂಗಡಿಗೆ ಹೊಸಬರು, ರಾಯ ಊರಲ್ಲಿಲ್ಲದಾಗ ಮಾವನ ಕೈಲಿ ಗಡ್ಡ ಮಾಡಿಸಿಕೊಂಡು ಹೋದವರು. ರಾಯನ ಕುರ್ಚಿಗೆ ಇದೇ ಮೊದಲು. ಸಂಜೆ ದೊಡ್ಡ ಕಾರ್ಯಕ್ರಮವಂತೆ, ಅವಸರ.

ಕೂತವರೇ ಕತ್ತೆತ್ತಿ ಟೀವಿ ನೋಡತೊಡಗಿದರು. ರಾಯ ಕೆನ್ನೆಗೆ ನೊರೆ ಹಚ್ಚುವಾಗ ಅಂಗೈಯಲ್ಲಿ ದುಂಬಿ ಗುಂಯ್ ಅಂದಿತು. ಕಣ್ಣೆತ್ತಿದ. ಎದುರಿಗೆ ನೀಲಿ ಗೋಡೆ. ಬೇಗ ಪಕ್ಕಕ್ಕೆ ಬಾಗಿದ. ಕಂಡದ್ದು ನೊರೆ, ಮೀಸೆ, ಕೆಳತುಟಿಯ ಒಂದು ಕೊನೆ. ಮೇಷ್ಟ್ರ ಕಣ್ಣು ಟೀವಿಯಲ್ಲೇ. "ಮೀಸೆ..." ಕಂಡಿತು. ನಡುವೆ ಮುಖ ಅತ್ತ ಹೊರಳಿತು. ಮತ್ತೆ ಇತ್ತ ಹೊರಳಿದಾಗ ಬಾಯಿ ಅಗಲ ತೆರೆದು ನಿಂತಿತು. ಬೇಕು ಅಂದರೆ ತುಟಿ ಕೊನೆಗೆ ದುಂಡಗಾಗುತ್ತದೆ, ಬೇಡ ಅಂದರೆ ತೆರೆದೇ ಉಳಿಯುತ್ತದೆ. "...ಬೇಡ." ಅನುಮಾನವಿಲ್ಲ.

ಇನ್ನೊಮ್ಮೆ ಕೇಳಬಹುದಿತ್ತು. ಕೇಳಬೇಕಿತ್ತು. ಮಾವ ಕೂತಿದ್ದ ಪಕ್ಕದ ಕುರ್ಚಿಗೆ ಒರಗಿಕೊಂಡು ರೇಡಿಯೋ ಇವನನ್ನೇ ನೋಡುತ್ತಿದ್ದ. ಒಂದು ಮಾತಿಗೆ ಎರಡು ಸಲ ಏನು ಏನು ಅಂದರೆ, ನೋಡಿ ಮಾವ, ಅಂತಾನೆ. ರಾಯ ಕೇಳಲಿಲ್ಲ. ಕತ್ತಿ ಮೂಗಿನ ಕೆಳಗೆ ಒಂದೇ ಎಳೆತದಲ್ಲಿ ಇಳಿಯಿತು.

ಮೇಷ್ಟ್ರು ಎದ್ದು ನಿಂತ ರಭಸಕ್ಕೆ ನೊರೆಯ ಬಟ್ಟಲು ಉರುಳಿತು. ದುಂಡು ಕನ್ನಡಿಗೆ ಮೂಗು ತಾಗಿಸಿ ನೋಡಿಕೊಂಡರು. ತಿರುಗಿದರು. ಅವರು ಹೇಳಿದ್ದು "ಮೀಸೆ ಮುಟ್ಟೋದು ಬೇಡ" ಅಂತ. ರಾಯನ ಕಣ್ಣಿಗೆ ಸಿಕ್ಕಿದ್ದು ಮೊದಲನೆಯದು ಮತ್ತು ಕೊನೆಯದು.

ಆಮೇಲೆ ಅವರು ಶುರುಮಾಡಿದರು ನೋಡಿ! ಬೆಂಚಿನವರು ಕಿವಿ ಮುಚ್ಚಿಕೊಂಡರು. ರಾಯ ಎದುರಿಗೆ ಕದಲದೆ ನಿಂತು ಪೂರ್ತಿ ನೋಡಿದ. ಎಂಥ ಮುಖ, ಎಂಥ ಬರಿದಾದ ಸೊಗಸಾದ ತುಟಿ!

"ಮೇಷ್ಟ್ರೇ, ತಪ್ಪು ನನ್ನದು" ಅಂದ. "ಪೂರ್ತಿ ತಿಳೀದೆ ಕತ್ತಿ ಹಾಕಿದೆ. ಆದ್ರೆ ಒಂದು ಮಾತು. ಈಗ ನೀವು ಬೈತಾ ಇರೋದು ಒಂದಕ್ಷರ ಬಿಡದೆ ಕಾಣಿಸ್ತಿದೆ. ಆ ಮೀಸೆ ಇದ್ದಿದ್ರೆ ಅರ್ಧ ಬೈಗುಳ ದಂಡವಾಗ್ತಿತ್ತು."

ಬೆಂಚಿನಲ್ಲಿ ಯಾರೋ ಪುಸಕ್ಕನೆ ನಕ್ಕರು. ಮೇಷ್ಟ್ರು ಬರಿ ತುಟಿ ಸವರಿಕೊಂಡರು. "ಮೀಸೆ ಇಲ್ದೆ ತುತ್ತೂರಿ ಯಾರ ಮುಂದೆ ಊದಲಯ್ಯ?" ಅಂದರು. ಸ್ವರದಲ್ಲಿ ಬೆಂಕಿಗಿಂತ ಅಳು ಜಾಸ್ತಿ ಇತ್ತು.

ರೇಡಿಯೋ ಮಾವನ ಕಿವಿಗೆ ಬಾಗಿದ. ಮಾವ ಗಂಭೀರವಾಗಿ ಏನೋ ಅಂದ. ರಾಯ ಕೇಳಿದ, "ಏನು ಮಾವ?"

"ಏನಿಲ್ಲ ಬಿಡು" ಅಂದ ಮಾವ. "ಆಮೇಲೆ..."

"ಆಮೇಲೆ ಬೇಡ. ಈಗಲೇ" ಅಂದ ರಾಯ. "ಬೀಗದ ಕೈ ವಿಷಯ ತಾನೇ? ಹೇಳೋಕೆ ಮುಂಚೆ ಸ್ವಲ್ಪ ತಡೀರಿ."

ಹಿತ್ತಲಿಗೆ ಹೋದ. ಹಳೇ ಕನ್ನಡಿ ಗೋಡೆಗೆ ಮುಖ ಮಾಡಿ, ಬೈಸಿಕೊಂಡ ಮಗುವಿನ ಹಾಗೆ ನಿಂತಿತ್ತು. ಒಬ್ಬನ ಕೈಗೆ ಆಗುವ ಭಾರವಲ್ಲ. "ಮೇಷ್ಟ್ರೇ, ಒಂದು ಕೈ ಹಾಕಿ" ಅಂತ ಅಲ್ಲಿಂದಲೇ ಕೂಗಿದ. ತನ್ನ ಮೀಸೆ ತೆಗೆದವನಿಗೇ ಸಹಾಯಕ್ಕೆ ಹೋಗಬೇಕಲ್ಲ ಅಂತ ಮೇಷ್ಟ್ರು ಗೊಣಗಿದರೂ ಹೋದರು. ಇಬ್ಬರೂ ಸೇರಿ ತಂದು ನೀಲಿ ಗೋಡೆಗೆ ಆನಿಸಿ, ನೆಲದ ಮೇಲೆ ನಿಲ್ಲಿಸಿದರು. ರಾಯ ಟೀವಿ ಆರಿಸಿದ. ಕನ್ನಡಿಗೆ ಎದುರಾಗಿ, ಎಲ್ಲರಿಗೂ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತ.

"ಮಾವ, ನನಗೆ ಕಿವಿ ಬರೋದು ಸೋಪಿನ ವಾಸನೆಗಲ್ಲ. ಇದಕ್ಕೆ. ಇದನ್ನ ತೆಗೆದ್ರಿ, ನಾನು ಕಿವುಡಾದೆ. ಈಗ ನನ್ನ ಬೆನ್ನ ಹಿಂದೆ ಏನು ಬೇಕಾದ್ರೂ ಮಾತಾಡಿ. ಸ್ವರ ಕೂಡ ಬೇಡ."

ಬೆಂಚಿನ ಕೊನೆಯಲ್ಲಿ ಕೂತಿದ್ದ ಹಾಲಿನವನು ಪಕ್ಕದ ದರ್ಜಿಯ ಕಿವಿಯಲ್ಲಿ ಪಿಸುಗುಟ್ಟಿದ. ರಾಯ ಕನ್ನಡಿಯನ್ನೇ ನೋಡುತ್ತ, "ಇಲ್ಲ ಹಾಲಣ್ಣ, ನಾಟಕ ಅಲ್ಲ" ಅಂದ. ಹಾಲಿನವನ ಮುಖ ಹಾಲಿನ ಬಣ್ಣಕ್ಕೆ ತಿರುಗಿತು.

"ಅಂದ್ರೆ ಇಷ್ಟು ವರ್ಷ..." ದರ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡ. "ನಾವು ಇಲ್ಲಿ ಕೂತು ಆಡಿದ್ದೆಲ್ಲ?"

"ಎಲ್ಲ ಅಲ್ಲ. ನೀವು ಎಲೆ ಅಡಿಕೆ ಅಗಿಯುವಾಗ ತುಂಬ ತಪ್ಪಿ ಹೋಗತ್ತೆ."

ಬೆಂಚು ಬೆಚ್ಚಿಬಿದ್ದು, ಮರುಗಳಿಗೆ ಗೊಳ್ಳೆಂದು ನಕ್ಕಿತು. ಮೇಷ್ಟ್ರೂ ನಕ್ಕರು. ನಗದವನು ಮಾವ ಒಬ್ಬನೇ. ಅವನು ಕನ್ನಡಿಯಲ್ಲಿ ರಾಯನ ಕಣ್ಣನ್ನು ನೋಡುತ್ತಿದ್ದ. ಬೀರುವಿನ ಮುಂದೆ ನಿಂತು ಬೈಯುವ ಹೆಂಡತಿ ನೆನಪಾದಳೋ, ಊಟದ ತಟ್ಟೆಗಳ ಮುಂದಿನ ಆಮೇಲೆಗಳು ನೆನಪಾದವೋ. ಮೊಣಕಾಲು ಹಿಡಿದುಕೊಂಡು ಎದ್ದು ರಾಯನ ಬೆನ್ನ ಹಿಂದೆ ಬಂದು ನಿಂತ. ಬೆಳಕಿಗೆ ಮುಖ ಕೊಟ್ಟ. ಸ್ವರ ತೆಗೆಯದೆ ಬರೀ ತುಟಿ ಆಡಿಸಿದ.

ಬೀಗದ ಕೈ ಅಳಿಯನಿಗೆ.

"ಯಾವ ಅಳಿಯನಿಗೆ?" ಅಂದ ರಾಯ. ಮಗಳ ಗಂಡ ಅನ್ನಬೇಕಾದರೆ ತುಟಿ ಮೊದಲು ಮುಚ್ಚಬೇಕು. ಅಕ್ಕನ ಮಗ ಅನ್ನಬೇಕಾದರೆ ತೆರೆಯಬೇಕು. ರಾಯ ಆ ತುಟಿಯನ್ನೇ ನೋಡಿದ.

ತುಟಿ ತೆರೆಯಿತು.

"ಏನಂದ್ರು?" ರೇಡಿಯೋ ಮುಂದೆ ಬಂದ. "ಮಾವ, ಏನಂದ್ರಿ? ಜೋರಾಗಿ ಹೇಳಿ. ಭಾವ, ಏನಂದ್ರು?"

ರಾಯ ಸ್ಟೂಲಿನಲ್ಲೇ ತಿರುಗಿದ. "ಏನಿಲ್ಲ ಬಿಡು ಭಾವ" ಅಂದ. "ಆಮೇಲೆ ಹೇಳ್ತೀನಿ."

ಬೆಂಚಿನವರು ಮತ್ತೆ ನಕ್ಕರು. ರೇಡಿಯೋ ಒಬ್ಬೊಬ್ಬರ ಮುಖವನ್ನೇ ನೋಡಿದ. ನಗಬೇಕೋ ಬೇಡವೋ ತಿಳಿಯದೆ ತಾನೂ ಸ್ವಲ್ಪ ನಕ್ಕ. ಆ ಅರೆನಗು ರಾಯನಿಗೆ ಗುರುತಿತ್ತು. ಎಷ್ಟೋ ಊಟದ ಹೊತ್ತಿನಲ್ಲಿ ಅದು ತನ್ನ ಮುಖದ ಮೇಲೇ ಕೂತಿತ್ತು. ಆಮೇಲೆ ಅನ್ನುವುದು ಎಷ್ಟು ದೂರದ ಊರು ಅಂತ ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಎದ್ದು ರೇಡಿಯೋನ ಎದುರಿಗೆ ನಿಂತ.

"ಬೀಗದ ಕೈ ನನಗಂತೆ. ಫೋನು ನಿನ್ನದು, ಬಾಗಿಲಲ್ಲಿ ಕರೆಯೋದೂ ನಿನ್ನದೇ, ನಿನ್ನಷ್ಟು ಚೆನ್ನಾಗಿ ನನಗೆ ಬರಲ್ಲ. ಟೀವಿ ಹಿಂದಿನ ಗೋಡೆಗೆ ಹೋಗಲಿ, ಕನ್ನಡಿಯಲ್ಲೇ ನೋಡ್ಕೊಳ್ಳಲಿ. ಮೀಸೆ ಗಿರಾಕಿಗಳಿಗೆ ನೊರೆ ಹಚ್ಚೋಕೆ ಮುಂಚೆ ಕೇಳೋಣ, ಮೀಸೆ ಉಳೀಬೇಕು ಅಂದ್ರೆ ತಾವೇ ಒಂದು ಸಲ ತಿರುವಿ ತೋರಿಸಲಿ. ಅರ್ಥ ಆಗದಿದ್ರೆ ನಾನು ಎರಡಲ್ಲ, ಹತ್ತು ಸಲ ಕೇಳ್ತೀನಿ. ನೀನು ನೋಡ್ತಿದ್ರೂ ಕೇಳ್ತೀನಿ. ಏನಂತೀಯ?"

ರೇಡಿಯೋನ ಮುಖ ಸ್ವಲ್ಪ ಸಣ್ಣದಾಯಿತು. ಆಮೇಲೆ ತಲೆ ಕೆರೆದುಕೊಂಡು, "ಆ ಕನ್ನಡಿ ಎತ್ತೋದು ಹೇಗೆ? ಮೊಳೆ ಎಲ್ಲ ಕಿತ್ತಾಕಿದೀನಿ" ಅಂದ.

"ಕಿತ್ತವನೇ ಹೊಡಿ."

ಮಾವ ಬೆಂಚಿಗೆ ಹೋಗಿ ಹಾಲಿನವನನ್ನು ಅತ್ತ ತಳ್ಳಿ ಕೂತ. ಮೇಷ್ಟ್ರು ದುಂಡು ಕನ್ನಡಿಯೊಂದನ್ನು ಕಿತ್ತು ಕೈಯಲ್ಲಿ ಹಿಡಿದು ಬರಿ ತುಟಿಯನ್ನು ಅತ್ತಿತ್ತ ಹೊರಳಿಸಿ, ಗಾಳಿಯಲ್ಲೇ ತುತ್ತೂರಿ ಊದಿ ನೋಡಿಕೊಳ್ಳುತ್ತಿದ್ದರು. ಸಂಜೆಯ ಹೊತ್ತಿಗೆ ಅಭ್ಯಾಸವಾಗಬೇಕಲ್ಲ. ರಾಯ ಈ ತುದಿ ಹಿಡಿದ, ರೇಡಿಯೋ ಆ ತುದಿ. ಕನ್ನಡಿ ನೆಲ ಬಿಟ್ಟು ಮೇಲೆದ್ದಿತು. ಅದರ ಮರೆಯಿಂದ ರೇಡಿಯೋ ಏನೋ ಹೇಳುತ್ತಿದ್ದಾನೆ ಅನ್ನುವುದು ಗಾಜಿನ ನಡುಕದಿಂದ ರಾಯನ ಬೆರಳಿಗೆ ತಿಳಿಯಿತು.

"ಭಾವ, ಮುಖ ಈ ಕಡೆ ಹಾಕಿ ಮಾತಾಡು" ಅಂದ.

ರೇಡಿಯೋ ಕತ್ತು ಹೊರಗೆ ಚಾಚಿ, ಬೆಳಕಿಗೆ ಮುಖ ಕೊಟ್ಟು, ಮೊದಲಿಂದ ಶುರುಮಾಡಿದ.