ಪಟ್ಟೆಯ ಕಾಲು

ಶಾಲೆಯ ಬ್ರೈಲ್ ಪ್ರಿಂಟರಿನ ಹೊಟ್ಟೆ ಬಿಚ್ಚಿಕೊಂಡು ಪುಟ್ಟಿ ಬೆಳಗ್ಗೆಯಿಂದ ನೆಲದ ಮೇಲೆ ಕೂತಿದ್ದಳು. ತಲೆಯಲ್ಲಿ ಬಿಳಿ ಕೂದಲು ಇಣುಕಿದ್ದರೂ, ಇಪ್ಪತ್ತು ವರ್ಷದಿಂದ ರಿಪೇರಿ ಅಂಗಡಿ ನಡೆಸುತ್ತಿದ್ದರೂ ಅಣ್ಣನ ಬಾಯಲ್ಲಿ ಅವಳು ಇನ್ನೂ ಪುಟ್ಟಿಯೇ. ಅಣ್ಣ ಅದೇ ಶಾಲೆಯ ಲೆಕ್ಕದ ಮೇಷ್ಟ್ರು, ಹುಟ್ಟಿನಿಂದ ಕಣ್ಣು ಕಾಣದವನು. ಮೂರು ವರ್ಷ ಕೂತು ಮಕ್ಕಳಿಗಾಗಿ ಲೆಕ್ಕದ ಪುಸ್ತಕ ಬರೆದಿದ್ದ. ಪುಸ್ತಕ ಕಂಪ್ಯೂಟರಿನೊಳಗೆ ಬೆಚ್ಚಗೆ ಮಲಗಿತ್ತು. ಪ್ರಿಂಟರ್ ಮಾತ್ರ ಉಸಿರೆತ್ತುತ್ತಿರಲಿಲ್ಲ. ನಾಲ್ಕು ಗಂಟೆಗೆ ಗುಜರಿಯವನ ಗಾಡಿ ಬರುತ್ತದೆ, ಅಷ್ಟರೊಳಗೆ ಸರಿಹೋಗದಿದ್ದರೆ ಎತ್ತಿ ಕೊಡುವುದೇ ಎಂದು ಹೆಡ್‌ಮಿಸ್ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಹೊಸದು ಯಾವಾಗ ಎಂದು ಕೇಳಿದರೆ ಅವರು ಕಿಟಕಿಯ ಕಡೆ ನೋಡುತ್ತಿದ್ದರು.

ರೋಗ ಏನೆಂದು ಪುಟ್ಟಿಗೆ ಗೊತ್ತಾಗಿತ್ತು. ಕಂಪ್ಯೂಟರ್ ಮತ್ತು ಪ್ರಿಂಟರ್ ಒಂದಕ್ಕೊಂದು ಮಾತಾಡಬೇಕಾದರೆ ತಂತಿಯಲ್ಲಿ ಪ್ಲಸ್ಸೂ ಬೇಕು, ಮೈನಸ್ಸೂ ಬೇಕು. ಪ್ಲಸ್ ಹನ್ನೆರಡು, ಮೈನಸ್ ಹನ್ನೆರಡು ವೋಲ್ಟ್ ಕೊಡುತ್ತಿದ್ದ ಇಟ್ಟಿಗೆ ಗಾತ್ರದ ಪವರ್ ಸಪ್ಲೈ ಸುಟ್ಟು ಕರಕಲಾಗಿತ್ತು. ಅಂಥದ್ದು ಈಗ ಎಲ್ಲಿ ಹುಡುಕಿದರೂ ಸಿಗದು. ಅದಕ್ಕೇ ಅವಳು ಉಗುರಗಲದ ಒಂದು ಚಿಪ್ ತಂದಿದ್ದಳು. ಪ್ರಿಂಟರಿನಲ್ಲಿ ಹೇಗೂ ಇರುವ ಐದು ವೋಲ್ಟ್ ಕೊಟ್ಟರೆ ಸಾಕು, ಕರೆಂಟ್ ತುಂಬಿಟ್ಟುಕೊಳ್ಳುವ ಡಬ್ಬಿಯಂಥ ನಾಲ್ಕು ಪುಟ್ಟ ಕೆಪಾಸಿಟರ್ ಜೊತೆಗಿಟ್ಟುಕೊಂಡು ಬೇಕಾದದ್ದನ್ನೆಲ್ಲ ಅದೇ ಹುಟ್ಟಿಸಿಕೊಳ್ಳುತ್ತದೆ. ಪೂರ್ತಿ ಹನ್ನೆರಡು ಬರದು, ಒಂಬತ್ತು ಬರುತ್ತದೆ, ಮಾತಾಡಲು ಅಷ್ಟು ಸಾಕು.

"ಐದರಿಂದ ಮೈನಸ್ ಹೆಂಗೆ ಬರುತ್ತೆ?" ಎಂದ ಅಣ್ಣ.

"ಕೆಪಾಸಿಟರ್ ತುಂಬಿಸ್ಕೊಂಡು ತಲೆಕೆಳಗೆ ಮಾಡುತ್ತೆ, ಅಷ್ಟೇ."

"ನನ್ನ ಕ್ಲಾಸಲ್ಲಿ ಹಂಗೆ ಮಾಡಿದ್ರೆ ಸೊನ್ನೆ ಹಾಕ್ತಿದ್ದೆ."

ಮೂರೂವರೆಗೆ ಕೊನೆಯ ಬೆಸುಗೆ ಮುಗಿಯಿತು. ಪುಟ್ಟಿಗೆ ಖುಷಿಯಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸ್ವಿಚ್ ಒತ್ತಿದಳು. ಪ್ರಿಂಟರ್ ಕಮಕ್ ಕಿಮಕ್ ಎನ್ನಲಿಲ್ಲ. ಮೀಟರ್ ಇಟ್ಟು ನೋಡಿದರೆ ಪ್ಲಸ್ ಇದೆ, ಮೈನಸ್ ನಾಪತ್ತೆ. ತಂತಿಗಳನ್ನು ಮೂರು ಸಲ ಪರೀಕ್ಷಿಸಿದಳು.

"ಕರೆಂಟ್ ತೆಗಿ, ನಾನೊಂದ್ಸಲ ನೋಡ್ತೀನಿ" ಎಂದು ಅಣ್ಣ ಬೋರ್ಡಿನ ಮೇಲೆ ಬೆರಳಾಡಿಸಿದ. "ಪುಟ್ಟಿ, ಈ ಡಬ್ಬಿ ಯಾಕೆ ಸುಡ್ತಿದೆ?"

ನಾಲ್ಕನೇ ಕೆಪಾಸಿಟರ್. ಪುಟ್ಟಿ ಬಗ್ಗಿ ನೋಡಿದಳು. "ಸರಿಯಾಗೇ ಇದೆಯಲ್ಲ. ಪಟ್ಟೆ ಇರೋ ಕಾಲು ಮೈನಸ್ಸು, ಅದನ್ನ ಗ್ರೌಂಡಿಗೆ ಹಾಕಿದೀನಿ. ಇಪ್ಪತ್ತು ವರ್ಷದಿಂದ ಹಂಗೇ ಹಾಕ್ತಿರೋದು."

"ಗ್ರೌಂಡ್ ಅಂದ್ರೆ ಎಷ್ಟು?"

"ಸೊನ್ನೆ."

"ಇನ್ನೊಂದು ಕಾಲಲ್ಲಿ?"

"ಮೈನಸ್ ಒಂಬತ್ತು ಬರಬೇಕು."

"ಸೊನ್ನೆ ದೊಡ್ಡದೋ, ಮೈನಸ್ ಒಂಬತ್ತು ದೊಡ್ಡದೋ?"

ಪುಟ್ಟಿ ನಾಲಿಗೆ ಕಚ್ಚಿಕೊಂಡಳು. ಸೊನ್ನೆಗಿಂತ ಕೆಳಗಿರುವ ಈ ಒಂದು ಜಾಗದಲ್ಲಿ ಗ್ರೌಂಡೇ ಮೇಲಿನದು, ಕಡಿಮೆ ವೋಲ್ಟಿನ ಕಡೆ ಇರಬೇಕಾದ ಪಟ್ಟೆಯ ಕಾಲು ಆಚೆ ಕಡೆಗೆ ಹೋಗಬೇಕು. ಅವಳ ಕೈ ಅವಳನ್ನು ಕೇಳದೆ ರೂಢಿಯ ಕೆಲಸ ಮಾಡಿಬಿಟ್ಟಿತ್ತು.

ಗೇಟಿನಲ್ಲಿ ಹಾರ್ನ್ ಕೇಳಿಸಿತು. ಅವಳು ಬೆಂದ ಕೆಪಾಸಿಟರನ್ನು ಕಿತ್ತು ಹೊಸದನ್ನು ತಿರುಗಿಸಿ ಹಾಕುವಷ್ಟರಲ್ಲಿ ಗುಜರಿಯವನು ಬಾಗಿಲಿಗೆ ಬಂದಿದ್ದ, ಹಿಂದೆಯೇ ಹೆಡ್‌ಮಿಸ್.

"ಎತ್ಲಾ?" ಎಂದ ಅವನು.

"ಒಂದು ನಿಮಿಷ ತಡ್ಕೊಳ್ಳಿ" ಎಂದು ಪುಟ್ಟಿ ಸ್ವಿಚ್ ಒತ್ತಿದಳು. ಮೀಟರ್ ಮೈನಸ್ ಒಂಬತ್ತು ತೋರಿಸಿತು. ಕಂಪ್ಯೂಟರಿನ ಗುಂಡಿ ಅದುಮಿದಳು. ಟಕಟಕಟಕ ಎಂದು ಪ್ರಿಂಟರ್ ಮೇಜು ಅದುರುವಂತೆ ಬಡಿಯತೊಡಗಿತು. ಹೆಡ್‌ಮಿಸ್ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು, ಆಮೇಲೆ ನಕ್ಕರು.

"ಮತ್ತೆ ನಂಗೇನು?" ಎಂದ ಗುಜರಿಯವನ ಕೈಗೆ ಪುಟ್ಟಿ ಹಳೆಯ ಪವರ್ ಸಪ್ಲೈ ಇಟ್ಟಳು. ಅದರ ಭಾರಕ್ಕೆ ಅವನ ಮುಖ ಅರಳಿತು.

ಮೊದಲ ಪುಟ ಹೊರಬಂತು. ಮೂರು ವರ್ಷ ತಲೆಯಲ್ಲಿದ್ದ ಪುಸ್ತಕ ಅಣ್ಣನ ಬೆರಳಿಗೆ ಮೊದಲ ಸಲ ಸಿಕ್ಕಿತ್ತು. ಅವನು ಒಂದು ಸಾಲು ಸವರಿ ಜೋರಾಗಿ ನಕ್ಕ.

"ಏನಂತೆ?" ಎಂದಳು ಪುಟ್ಟಿ ಕಣ್ಣೊರೆಸಿಕೊಳ್ಳುತ್ತ.

"ಸೊನ್ನೆಯಿಂದ ಎಡಕ್ಕೆ ಹೋದಷ್ಟೂ ಸಂಖ್ಯೆ ಚಿಕ್ಕದಾಗುತ್ತದೆ" ಎಂದು ಓದಿ, ಪುಟವನ್ನು ತಂಗಿಯ ಕೈಗಿಟ್ಟ. "ಮೊದಲನೇ ಪಾಠ. ಇದು ನಿನ್ನ ಪ್ರತಿ, ಮನೇಲಿ ಕೂತು ಓದ್ಕೋ."