ಡ್ರೈವರ್ ಹಿಂದಿನ ಸೀಟು

ಡ್ರೈವರ್ ಸೀಟಿನ ಹಿಂದೆ ಒಂದು ಅಡ್ಡಕಂಬಿ ಇತ್ತು. ನನ್ನ ಬಲಗೈ ಸದಾ ಅದರ ಮೇಲೆ, ಕಣ್ಣು ಬಸ್ಸು ಓಡಿಸುತ್ತಿದ್ದ ಗಂಡನ ಕತ್ತಿನ ಮೇಲೆ. ಕತ್ತು ತುಸು ವಾಲಿತೋ, ಬಳೆಗಳನ್ನು ಕಂಬಿಗೆ ಬಡಿಯುತ್ತಿದ್ದೆ. ಕತ್ತು ನೆಟ್ಟಗಾಗುತ್ತಿತ್ತು. ಆ ಸದ್ದು ಏಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಡಿಲಲ್ಲಿ ಬುಟ್ಟಿ ಇದ್ದುದರಿಂದ ಪಕ್ಕದೂರಿಗೆ ಹೂ ಮಾರಲು ಹೋಗುವವಳೆಂದೇ ಜನ ತಿಳಿದಿದ್ದರು. ಅರ್ಧ ಹೂವು ಬಾಡಿ ಮನೆಗೇ ಬರುತ್ತಿತ್ತು.

ಮದುವೆಯಾದಾಗ ನಮ್ಮ ಯಜಮಾನರು ಕಬಡ್ಡಿ ಆಡುತ್ತಿದ್ದರು. ಆಮೇಲೆ ಮೈ ಬೆಳೆಯುತ್ತಲೇ ಹೋಯಿತು. ಹೊಟ್ಟೆ ಸ್ಟೇರಿಂಗಿಗೆ ತಾಗತೊಡಗಿತು; ಬಗ್ಗಿ ಚಪ್ಪಲಿ ಹಾಕಿಕೊಳ್ಳಲಾರದೆ ನನ್ನನ್ನು ಕರೆಯುವಂತಾಯಿತು. ಎಲ್ಲಿ ಕುರ್ಚಿ ಮುರಿದೀತೋ ಎಂದು ನೆಂಟರ ಮನೆಗೆ ಹೋಗುವುದನ್ನೂ ಬಿಟ್ಟರು. ಯಾರಾದರೂ "ಡುಮ್ಮಣ್ಣ" ಎಂದು ಛೇಡಿಸಿದರೆ ಅವರಿಗಿಂತ ಜೋರಾಗಿ ತಾವೇ ನಗುತ್ತಿದ್ದರು. ಆ ನಗು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಲಗಿದರೆ ಗೊರಕೆ ಇದ್ದಕ್ಕಿದ್ದಂತೆ ನಿಂತು, ಉಸಿರೂ ನಿಲ್ಲುತ್ತಿತ್ತು. ನಾನು ಅಲುಗಾಡಿಸಿದ ಮೇಲೆ ಮತ್ತೆ ಏದುಸಿರು. ಹೀಗಾಗಿ ರಾತ್ರಿ ನಿದ್ದೆಯಿಲ್ಲ, ಹಗಲು ಎಚ್ಚರವಿಲ್ಲ. ಮೈಭಾರವೇ ಇದಕ್ಕೆ ಕಾರಣ, ಅದು ಇಳಿಯುವವರೆಗೆ ಗಾಡಿ ಮುಟ್ಟಬೇಡಿ ಎಂದರು ಡಾಕ್ಟರು. ಆಫೀಸಿಗೆ ತಿಳಿಸಿಬಿಡಿ ಎಂದು ನಾನು ಗೋಗರೆದೆ.

"ಸ್ಟೇರಿಂಗ್ ಬಿಟ್ರೆ ನಾನು ಬರೀ ಡುಮ್ಮಣ್ಣ ಆಗ್ಬಿಡ್ತೀನಿ ಕಣೇ," ಎಂದರು.

ಮರುದಿನದಿಂದ ಬುಟ್ಟಿ ಹಿಡಿದು ಅವರ ಬಸ್ಸು ಹತ್ತತೊಡಗಿದೆ.

ಒಂದು ಮಧ್ಯಾಹ್ನ ಬಸ್ಸು ತುಂಬಿತ್ತು. ಕೆರೆ ಏರಿಯ ಮೇಲಿನ ದಾರಿ ಕಿರಿದು. ಒಂದು ಕಡೆ ನೀರು, ಇನ್ನೊಂದು ಕಡೆ ಆಳದಲ್ಲಿ ಗದ್ದೆ. ಕಂಬಿಯನ್ನು ಬಿಗಿಯಾಗಿ ಹಿಡಿದದ್ದು ನೆನಪಿದೆ. ಹಿಂದೆ ಯಾವುದೋ ಮಗು ಅಳುತ್ತಿದ್ದುದೂ ನೆನಪಿದೆ. ಆಮೇಲಿನದು ನೆನಪಿಲ್ಲ.

ಹಣೆ ಕಂಬಿಗೆ ಬಡಿದು ಕಣ್ಣು ಬಿಟ್ಟೆ. ಬಸ್ಸು ನಿಂತಿತ್ತು. ಮುಂದಿನ ಗಾಲಿ ಏರಿಯ ಅಂಚುಗಲ್ಲಿಗೆ ತಾಗಿತ್ತು; ಕಿಟಕಿಯ ಕೆಳಗೆ ಬರೀ ನೀರು. ರಾತ್ರಿಯೆಲ್ಲ ಅವರ ಉಸಿರು ಕಾಯುತ್ತಿದ್ದ ನಾನು ಹಗಲಲ್ಲಿ ನಿದ್ದೆ ಹೋಗಿಬಿಟ್ಟಿದ್ದೆ.

ಯಜಮಾನರು ಹಿಂದಕ್ಕೆ ತಿರುಗಿ ನನ್ನನ್ನೇ ನೋಡುತ್ತಿದ್ದರು.

"ಕಣ್ಣು ಎಳೀತಿತ್ತು. ನೀನು ಬಳೆ ಬಡೀತೀಯ ಅಂತ ಕಾದೆ. ಸದ್ದೇ ಬರ್ಲಿಲ್ಲ," ಎಂದರು. ಆಮೇಲೆ ನನ್ನ ಕಣ್ಣಿನ ಕೆಳಗಿನ ಕಪ್ಪನ್ನು ಬೆರಳಿನಿಂದ ಮುಟ್ಟಿ, "ನೀನು ನಿದ್ದೆ ಮಾಡಿ ಎಷ್ಟು ದಿನ ಆಯ್ತೇ?" ಎಂದು ಕೇಳಿದರು.

ನನಗೆ ಅಳು ಬಂತು. ಅವರು ಕಷ್ಟಪಟ್ಟು ಎದ್ದು ನಿಂತು, ತಮ್ಮ ಕಾಯಿಲೆ ಇಂಥದ್ದೆಂದು ಬಸ್ಸಿನವರಿಗೆಲ್ಲ ಹೇಳಿದರು. ಬೇರೆ ಡ್ರೈವರನ್ನು ಕರೆಸು ಎಂದು ಕಂಡಕ್ಟರ್ ಮಾದಪ್ಪನ ಕೈಗೆ ಕೀ ಕೊಟ್ಟು ಇಳಿದರು. ಯಾರೂ ನಗಲಿಲ್ಲ.

ಊರು ದೂರವಿತ್ತು. ಏರಿಯ ಮೇಲೆ ನಡೆಯತೊಡಗಿದೆವು. ಸ್ವಲ್ಪ ನಡೆಯುವಷ್ಟರಲ್ಲಿ ಅವರಿಗೆ ಉಬ್ಬಸ ಬರುತ್ತಿತ್ತು. ಎಲ್ಲಾದರೂ ಕೂತುಬಿಡಿ ಎಂದೆ. ಬೇಡವೆಂದು ತಲೆಯಾಡಿಸಿದರು.

"ನೀನು ಮುಂದೆ ನಡಿ. ಬಳೆ ಸದ್ದು ಕೇಳ್ತಿರ್ಲಿ."

ಬುಟ್ಟಿಯನ್ನು ಎಡಗೈಗೆ ಬದಲಿಸಿಕೊಂಡು ಮುಂದೆ ನಡೆದೆ. ಹಿಂದಿನ ಹೆಜ್ಜೆ ನಿಂತಾಗಲೆಲ್ಲ ನಾನೂ ನಿಂತು, ತಿರುಗಿ ನೋಡದೆ, ಬಲಗೈ ಕುಲುಕುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ ಹೆಜ್ಜೆ ಕೇಳುತ್ತಿತ್ತು.