ಮಾಪಕಕ್ಕೊಂದು ಗುಟುಕು

ಆಸಂಗಾಟೆ ಹಿಮಬೆಟ್ಟದ ಬುಡದ ಹುಲ್ಲುಗಾವಲಿನಲ್ಲಿ ನಿಲ್ಲಿಸಿದ್ದ ಮಳೆಮಾಪಕವನ್ನು ನೋಡಿಕೊಳ್ಳುವ ಕೆಲಸ ನಿಕಾಸಿಯಾಳದು. ತಿಂಗಳಿಂದ ಒಂದು ಹನಿಯೂ ಬಿದ್ದಿರಲಿಲ್ಲ. ಆದರೂ ಈ ಬೆಳಿಗ್ಗೆ ಮಾಪಕದೊಳಗೆ ಎರಡು ಬೆರಳಿನಷ್ಟು ನೀರು! ಬಗ್ಗಿ ಮೂಸಿದಳು. ಮೆಕ್ಕೆಜೋಳದ ಹೆಂಡದ ಹುಳಿವಾಸನೆ ಮೂಗಿಗೆ ಬಡಿಯಿತು.

"ಅತ್ತೆ, ಇದಕ್ಕೆ ಹೆಂಡ ಸುರಿದ್ರಾ?"

ಅಲ್ಪಾಕಾ ಮೇಯಿಸುತ್ತಿದ್ದ ಅತ್ತೆ ಯುಲೋಗಿಯಾ ತಿರುಗಿಯೂ ನೋಡಲಿಲ್ಲ. "ಹೂಂ ಕಣೇ. ನಾವು ಕುಡಿಯೋ ಮುಂಚೆ ಭೂಮ್ತಾಯಿಗೆ ಚೆಲ್ಲಲ್ವಾ, ಹಾಗೇ. ಪಾಪ, ಹಗಲೂ ರಾತ್ರಿ ಆಕಾಶಕ್ಕೆ ಬಾಯಿ ಬಿಟ್ಕೊಂಡು ನಿಂತಿರುತ್ತೆ."

"ಅಯ್ಯೋ, ಅದು ಮಳೆ ಅಳೆಯೋ ಡಬ್ಬಿ! ಲೆಕ್ಕ ಕೇಳೋಕೆ ಪಟ್ಟಣದ ಹವಾಮಾನ ಕಚೇರಿಯಿಂದ ಫೋನ್ ಬಂದ್ರೆ ಹೆಂಡದ ಮಳೆ ಆಯ್ತು ಅನ್ಲಾ?"

"ಅನ್ನು. ಎಲ್ರೂ ಓಡಿ ಬರ್ತಾರೆ."

ನಗು ಬಂದರೂ ನಿಕಾಸಿಯಾ ಮುಖ ಗಂಟಿಕ್ಕಿಕೊಂಡೇ ಮಾಪಕವನ್ನು ತೊಳೆದು, ಒರೆಸಿ, ಮತ್ತೆ ನಿಲ್ಲಿಸಿದಳು. ತಲೆಯೆತ್ತಿದರೆ ಬೆಟ್ಟದ ಹಿಮ ಹೋದ ವರ್ಷಕ್ಕಿಂತ ಮೇಲಕ್ಕೆ ಸರಿದಿತ್ತು. ಕೆಳಗೆ ಕಪ್ಪು ಬಂಡೆ ಬರಿದಾಗಿ ಕಾಣುತ್ತಿತ್ತು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು.

ಅತ್ತೆ ಹೆಂಡದ ಸೋರೆಬುರುಡೆ ಚಾಚಿದಳು. ನಿಕಾಸಿಯಾ ಅದನ್ನು ತೆಗೆದುಕೊಂಡು, ಕುಡಿಯುವ ಮುಂಚೆ ಮಾಪಕದ ಬುಡದ ಮಣ್ಣಿಗೆ ಒಂದು ಗುಟುಕು ಚೆಲ್ಲಿದಳು.

"ಇನ್ಮೇಲೆ ಇದರ ಕಾಲಿಗೆ ಸುರೀರಿ ಅತ್ತೆ. ಬಾಯಿ ಮಳೆಗೇ ಇರ್ಲಿ."